ಗೃಹದೀಪಗಳ ವಿದ್ಯುನ್ಮಿತವ್ಯಯ ನಿಯಮಗಳು: ಬಂಡೂರು ಸೀಮೆ

ಮನೆಯ ವಿದ್ಯುದ್ದೀಪವು ಸೇವಿಸುವ ಶಕ್ತಿಗೂ ಅದು ಕೊಡುವ ಬೆಳಕಿಗೂ ಇರಬೇಕಾದ ಪ್ರಮಾಣವನ್ನು ಗೊತ್ತುಮಾಡುವ ಸರ್ಕಾರಿ ಕಟ್ಟಳೆಗಳು. ಕುರಿತಳಿಯಿಂದ ಪ್ರಖ್ಯಾತವಾದ ಬಂಡೂರು ಇರುವ ಮಳವಳ್ಳಿ ತಾಲ್ಲೂಕಿನಲ್ಲಿಯೇ, ಮೈಸೂರಿನ ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಸಂಕಲ್ಪಿತವಾಗಿ 1902ರಲ್ಲಿ ಕಾರ್ಯಾರಂಭ ಮಾಡಿದ ಶಿವನಸಮುದ್ರದ ವಿದ್ಯುದಾಗಾರವಿದ್ದರೂ, ಅಲ್ಲಿ ಹುಟ್ಟಿದ ಶಕ್ತಿಯು ಮೊದಲು ಹರಿದುದು ತೊಂಬತ್ತು ಮೈಲಿಗೂ ದೂರದ ಕೋಲಾರದ ಚಿನ್ನದ ಗಣಿಗಳಿಗೆ, ತರುವಾಯ 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ. ಹಳ್ಳಿಗಳಿಗೆ ದೀಪವನ್ನು ತಲಪಿಸುವುದೇ ಬಹುಕಾಲ ರಾಜ್ಯದ ಚಿಂತೆಯಾಗಿದ್ದುದರಿಂದ, ಅದು ನುಂಗುವ ವಿದ್ಯುತ್ತನ್ನು ಅಳೆಯುವ ವಿಚಾರ ಹಿಂದೆ ಬಿತ್ತು. ಬಡವರಿಗಾಗಿ ಬಂದ ಭಾಗ್ಯಜ್ಯೋತಿ ಯೋಜನೆಯು ಗುಡಿಸಲಿಗೊಂದೇ ದೀಪವೆಂದು ಮಿತಿಯಿಟ್ಟಿತಾದರೂ, ಆ ಮಿತಿಯ ಮೂಲ ದಾರಿದ್ರ್ಯವೇ ಹೊರತು ದಕ್ಷತೆಯ ವಿವೇಕವಲ್ಲ.

ಆಡುಮಾತಿನಲ್ಲಿ ಬುರುಡೆ ಬಲ್ಬೆನಿಸಿಕೊಳ್ಳುವ ತಂತುದೀಪವು ತನಗಿತ್ತ ಶಕ್ತಿಯಲ್ಲಿ ನೂರಕ್ಕೆ ತೊಂಬತ್ತು ಪಾಲಿಗೂ ಮಿಗಿಲಾದುದನ್ನು ಉಷ್ಣವಾಗಿಯೇ ಕಳೆಯುತ್ತದೆ. ದಿನಕ್ಕೆ ಐದು ಗಂಟೆ ಉರಿಯುವ 60 ವಾಟಿನ ಬುರುಡೆಗೆ ತಿಂಗಳಿಗೆ 9 ಯೂನಿಟ್ ತಗಲಿದರೆ, ಅದಕ್ಕೆ ಸಮನಾಗಿ ಬೆಳಗುವ 9 ವಾಟಿನ ಎಲ್‌ಇಡಿಗೆ ಒಂದೂವರೆ ಯೂನಿಟ್ ಕೂಡ ಬೇಡ. 2001ರ ಶಕ್ತಿ ಸಂರಕ್ಷಣಾ ಅಧಿನಿಯಮದಿಂದ ಕೇಂದ್ರದಲ್ಲಿ ಶಕ್ತಿ ದಕ್ಷತಾ ಬ್ಯೂರೋ 2002ರಲ್ಲಿ ಸ್ಥಾಪಿತವಾಗಿ, 2006ರಿಂದ ವಿದ್ಯುದುಪಕರಣಗಳ ಮೇಲೆ ಅವುಗಳ ದಕ್ಷತೆಯನ್ನು ತೋರುವ ನಕ್ಷತ್ರಚಿಹ್ನೆಯ ಪದ್ಧತಿ ಮೊದಲಾಯಿತು. ಕರ್ನಾಟಕ ಸರ್ಕಾರವು 2007ರ ನವೆಂಬರಿನ ಆಜ್ಞೆಯಿಂದ ತನ್ನ ಕಟ್ಟಡಗಳಲ್ಲಿ ಸಿಎಫ್‌ಎಲ್ (ಕಿರು ಪ್ರತಿದೀಪ್ತ) ದೀಪಗಳನ್ನು ಕಡ್ಡಾಯಗೊಳಿಸಿತು. ಜನರ ಮನೆಗಳಿಗೆ ಆ ಆಜ್ಞೆ ಅನ್ವಯಿಸಲಿಲ್ಲ.

ಯೂರೋಪಿನ ಒಕ್ಕೂಟವು 2009ರಿಂದ 2012ರವರೆಗೆ ಹಂತಹಂತವಾಗಿ ತಂತುದೀಪವನ್ನು ಪೇಟೆಯಿಂದಲೇ ಹೊರಹಾಕಿದರೆ, ಭಾರತವು ಹಿಡಿದುದು ಅನ್ಯಮಾರ್ಗವನ್ನು. 2009ರ ಬಚತ್ ಲ್ಯಾಂಪ್ ಯೋಜನೆಯು ಹಳೆಯ ಬುರುಡೆಗೆ ಪ್ರತಿಯಾಗಿ ಅಗ್ಗದ ಸಿಎಫ್‌ಎಲ್ ಕೊಡಿಸಹೊರಟು, ತಾನು ನೆಚ್ಚಿದ್ದ ಅಂತರರಾಷ್ಟ್ರೀಯ ಇಂಗಾಲ ಪತ್ರಗಳ ಬೆಲೆ ಕುಸಿದೊಡನೆ ಸೊರಗಿತು. 2015ರಲ್ಲಿ ಎಲ್‌ಇಡಿ ದೀಪಗಳನ್ನು ಅಗ್ಗವಾಗಿ ಹಂಚುವ ಕೇಂದ್ರದ ಉಜಾಲಾ, ಅದೇ ವರ್ಷಾಂತ್ಯಕ್ಕೆ ಅದರ ಕರ್ನಾಟಕ ರೂಪವಾದ ಹೊಸ ಬೆಳಕು ಯೋಜನೆಗಳು ಬಂದುವು. ಒಟ್ಟಾಗಿ ಕೊಳ್ಳುವ ಕ್ರಮದಿಂದಾಗಿ, 2014ರಲ್ಲಿ ಸುಮಾರು 310 ರೂಪಾಯಿಯಿದ್ದ ಎಲ್‌ಇಡಿಯ ಸಗಟು ದರ 2016ರಲ್ಲಿ 38 ರೂಪಾಯಿಗಿಳಿಯಿತು. ಬುರುಡೆಯನ್ನು ಹಳ್ಳಿಯ ಮನೆಯಿಂದ ಓಡಿಸಿದುದು ಶಾಸನವಲ್ಲ, ಈ ಅಗ್ಗದ ಬೆಲೆಯೆಂದೇ ಹೇಳಬೇಕು. ಎಲ್‌ಇಡಿಗಳಿಗೆ ನಕ್ಷತ್ರಚಿಹ್ನೆ ಕಡ್ಡಾಯವಾದುದು ಆ ಬಳಿಕ, 2018ರಲ್ಲಿ.

ದೀಪದ ದಕ್ಷತೆಯನ್ನಲ್ಲ, ಮನೆಯ ಒಟ್ಟು ಬಳಕೆಯನ್ನೇ ಅಳೆಯುವ ಗೃಹಜ್ಯೋತಿ ಯೋಜನೆಯು 2023ರಲ್ಲಿ ಬಂದಾಗ, ಹಿಂದಿನ ವರ್ಷದ ಸರಾಸರಿ ಬಳಕೆಗೆ ಶೇಕಡಾ 10ನ್ನು ಕೂಡಿಸಿದಷ್ಟು ವಿದ್ಯುತ್ತು ಮನೆಗೆ ಉಚಿತವಾಗಿತ್ತು. ಆದರೆ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ಣ ಬಿಲ್ಲನ್ನು ತೆರಬೇಕಾಗಿತ್ತು.