ಮರಗೆಣಸಿನ ಎಲೆ ಹೇಗೆ ಚೇತರಿಸಿಕೊಳ್ಳುತ್ತದೆ?

ಉಪವಾಸದ ದಿನ ನಮ್ಮ ಅಡುಗೆಮನೆಗೆ ಬರುವ ಸಬ್ಬಕ್ಕಿಯ ತವರು ಸೇಲಂ. 1943ರಲ್ಲಿ ಅಲ್ಲಿ ಬೇರುಬಿಟ್ಟ ಈ ಉದ್ಯಮಕ್ಕೆ 1981ರಲ್ಲಿ ಸೇಗೋಸರ್ವ್ ಎಂಬ ಸಹಕಾರ ಸಂಘ ಹುಟ್ಟಿಕೊಂಡಿತು. ಆತ್ತೂರು, ವಾಳಪ್ಪಾಡಿ, ಧರ್ಮಪುರಿಯ ಹರೂರು, ಪಾಪಿರೆಡ್ಡಿಪಟ್ಟಿ ಕಡೆಯ ಹೊಲಗಳ ಮರಗೆಣಸೇ ಇದಕ್ಕೆ ಕಚ್ಚಾಮಾಲು. ಆ ಹೊಲಗಳನ್ನು ಬಹುಕಾಲದಿಂದ ಕಾಡುತ್ತಿರುವುದು ಮೊಸಾಯಿಕ್ ನಂಜುರೋಗ. ಎಲೆಯಲ್ಲಿ ಹಳದಿ ಮಚ್ಚೆ ಬಿದ್ದು ಮುದುಡುತ್ತದೆ, ಗೆಣಸು ಸಣ್ಣದಾಗುತ್ತದೆ. ಆದರೆ ಕೆಲವು ಗಿಡಗಳಲ್ಲಿ ಕೆಳಗಿನ ಎಲೆಗಳು ಕೆಟ್ಟಿದ್ದರೂ ತುದಿಯ ಹೊಸ ಎಲೆಗಳು ಹಸನಾಗಿ ಬರುತ್ತವೆ. ಇದೇಕೆ ಹೀಗೆ ಎಂದು ತಿಳಿಯಲು ವಿಜ್ಞಾನಕ್ಕೆ ಹಲವು ದಶಕಗಳೇ ಬೇಕಾದವು.

ಅಮೆರಿಕದ ವರ್ಜೀನಿಯಾದಲ್ಲಿ ವಿಂಗಾರ್ಡ್ 1928ರಲ್ಲೇ ಹೊಗೆಸೊಪ್ಪಿನಲ್ಲಿ ಇಂಥ ಚೇತರಿಕೆಯನ್ನು ದಾಖಲಿಸಿದ್ದರು. ಆಗ ಅದನ್ನು ವಿವರಿಸುವ ಸಾಧನವೇ ಇರಲಿಲ್ಲ. ಜೀನ್‌ನ ಸಂದೇಶದ ನಕಲಾದ ಸಂದೇಶವಾಹಕ ಆರ್‌ಎನ್‌ಎ ಗುರುತಿಗೆ ಸಿಕ್ಕಿದ್ದೇ 1961ರಲ್ಲಿ. ಜೀನ್‌ನಿಂದ ಈ ನಕಲು ತೆಗೆಯುವ ಹಂತದಲ್ಲೇ ಜೀನ್‌ನ ಕೆಲಸದ ಮೇಲಿನ ಹಿಡಿತವೆಲ್ಲ ಇದೆ ಎಂಬುದು ಅಂದಿನ ಎಣಿಕೆ. ಎಪ್ಪತ್ತರ ದಶಕ ಈ ಎಣಿಕೆಯನ್ನು ಅಲುಗಾಡಿಸಿತು. ನಕಲಿನ ಒಂದು ತುದಿಗೆ ಟೋಪಿ, ಇನ್ನೊಂದು ತುದಿಗೆ ಬಾಲ ಸೇರುತ್ತದೆಂದು ತಿಳಿಯಿತು. 1977ರಲ್ಲಿ, ನಡುವಿನ ಬೇಡದ ಭಾಗಗಳನ್ನು ಜೀವಕೋಶ ಕತ್ತರಿಸಿ ಹಾಕುತ್ತದೆಂಬುದೂ ಬೆಳಕಿಗೆ ಬಂತು.

ನಿಜವಾದ ತಿರುವು 1990ರಲ್ಲಿ ಪೆಟೂನಿಯಾ ಹೂವಿನಿಂದ ಬಂತು. ಬಣ್ಣ ಗಾಢವಾಗಲೆಂದು ಬಣ್ಣದ ಜೀನನ್ನೇ ಇನ್ನೊಮ್ಮೆ ಸೇರಿಸಿದರೆ ಕೆಲವು ಹೂಗಳು ಬೆಳ್ಳಗೆ ಅರಳಿದವು! ನಕಲು ತಯಾರಾಗುತ್ತಲೇ ಇತ್ತು, ಆಮೇಲೆ ನಾಶವಾಗುತ್ತಿತ್ತು. 1993ರಲ್ಲಿ ಲಿಂಡ್ಬೊ ಮತ್ತು ಡೌಗರ್ಟಿ ಹೊಗೆಸೊಪ್ಪಿನ ವೈರಸ್ಸಿನಲ್ಲೂ ಇದನ್ನೇ ಕಂಡರು. 1997ರಲ್ಲಿ ಬಾಲ್‌ಕೂಂಬ್ ತಂಡ ವೈರಸ್ ರಕ್ಷಣೆಗೂ ಈ ನಾಶಕ್ಕೂ ಇರುವ ಹೋಲಿಕೆಯನ್ನು ತೋರಿಸಿತು. ಮರುವರ್ಷ ಫೈರ್ ಮತ್ತು ಮೆಲ್ಲೊ ಹುಳುವಿನಲ್ಲಿ ಜೋಡಿ ಎಳೆಯ ಆರ್‌ಎನ್‌ಎಯೇ ಈ ನಾಶಕ್ಕೆ ಪ್ರಚೋದಕವೆಂದು ಸಾಬೀತುಪಡಿಸಿದರು. 2006ರ ನೊಬೆಲ್ ಅವರಿಗೇ ಬಂತು. ಗಿಡಗಳಲ್ಲಿ ದಾರಿ ತೋರಿಸಿದವರಿಗೂ ಅದರಲ್ಲಿ ಪಾಲು ಸಿಗಬೇಕಿತ್ತು ಎಂದು ನನಗೆ ಇಂದಿಗೂ ಅನಿಸುತ್ತದೆ.

ಮರಗೆಣಸಿನಲ್ಲಿ ಆಗುವುದಿಷ್ಟು. ಬಿಳಿನೊಣ ತರುವ ಈ ವೈರಸ್ಸು ಡಿಎನ್‌ಎ ವೈರಸ್ಸು. ಗಿಡದ ಕೋಶಕೇಂದ್ರದಲ್ಲಿ ಕೂತು, ಗಿಡದ್ದೇ ಯಂತ್ರದಿಂದ ತನ್ನ ಸಂದೇಶಗಳನ್ನು ಬರೆಸುತ್ತದೆ. ಅವುಗಳಿಂದ ಜೋಡಿ ಎಳೆ ಉಂಟಾದಾಗ ಡೈಸರ್ ಕಿಣ್ವ ಅದನ್ನು 21ರಿಂದ 24 ಅಕ್ಷರಗಳ ಚೂರುಗಳಾಗಿ ಕತ್ತರಿಸುತ್ತದೆ. ಆರ್ಗೊನಾಟ್ ಎಂಬ ಪ್ರೋಟೀನು ಆ ಚೂರಿನ ಸುಳಿವು ಹಿಡಿದು ಅದಕ್ಕೆ ಹೊಂದುವ ವೈರಸ್ ಸಂದೇಶಗಳನ್ನು ಹುಡುಕಿ ತುಂಡರಿಸುತ್ತದೆ. ವೈರಸ್ಸೂ ಸುಮ್ಮನಿರುವುದಿಲ್ಲ, ಈ ಕೆಲಸವನ್ನೇ ತಡೆಯುವ ಪ್ರೋಟೀನುಗಳನ್ನು ತಯಾರಿಸುತ್ತದೆ.

ನಮ್ಮ ದೇಶದ ವೈರಸ್ಸನ್ನು ಶುದ್ಧೀಕರಿಸಿ ಅದರ ಲಕ್ಷಣಗಳನ್ನು 1992ರಲ್ಲಿ ವಿವರಿಸಿದವರು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಮುನಿಯಪ್ಪ ಮತ್ತು ಮ್ಯಾಥ್ಯೂ. ಇದೇ ರೋಗ ತರುವ ಶ್ರೀಲಂಕಾದ ವೈರಸ್ಸೂ ಭಾರತದಲ್ಲಿದೆ ಎಂದು 2005ರಲ್ಲಿ ಖಚಿತವಾಯಿತು. ಅದಕ್ಕೂ ಮುನ್ನ, 2004ರಲ್ಲಿ, ಅಮೆರಿಕದ ಡ್ಯಾನ್‌ಫೋರ್ತ್ ಕೇಂದ್ರದಲ್ಲಿ ಚೆಲ್ಲಪ್ಪನ್, ವನಿತಾರಾಣಿ, ಫೋಕೆ ಇವೆರಡನ್ನೂ ಹೋಲಿಸಿದ್ದರು. ಶ್ರೀಲಂಕಾ ವೈರಸ್ ತಗುಲಿದ ಗಿಡದಲ್ಲಿ ಚೂರು ಆರ್‌ಎನ್‌ಎ ಹೇರಳವಾಗಿತ್ತು, ಗಿಡ ಚೇತರಿಸಿಕೊಂಡಿತು. ಭಾರತೀಯ ವೈರಸ್ ತಗುಲಿದಾಗ ಚೂರುಗಳು ಕಡಿಮೆ, ಚೇತರಿಕೆಯೂ ಇಲ್ಲ. ಮರುವರ್ಷ ಇದೇ ಬಳಗ ಮತ್ತೊಂದು ಸಂಗತಿಯನ್ನು ಹೊರಗೆಡವಿತು: ತಾಪಮಾನ 25ರಿಂದ 30 ಡಿಗ್ರಿಗೆ ಏರಿದರೆ ಚೂರುಗಳು ಹೆಚ್ಚಿ ರೋಗಲಕ್ಷಣ ತಗ್ಗುತ್ತದೆ. ಸೇಲಂನ ಬಿಸಿಲು ಬಲ್ಲವರಿಗೆ ಇದರ ಮಹತ್ವವನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗೆಂದು ಎಲ್ಲ ರಕ್ಷಣೆಯೂ ಆರ್‌ಎನ್‌ಎಯದ್ದೇ ಅಲ್ಲ. ಪಶ್ಚಿಮ ಆಫ್ರಿಕದ ನಾಟಿ ತಳಿಗಳಿಂದ ಬಂದ ಹೆಸರಾಂತ ಸಿಎಂಡಿ2 ನಿರೋಧಕತೆಯ ಮೂಲ ಡಿಎನ್‌ಎ ನಕಲು ಮಾಡುವ ಕಿಣ್ವವೊಂದರ ಬದಲಾವಣೆಯಲ್ಲಿದೆ ಎಂದು 2022ರಲ್ಲಿ ತಿಳಿಯಿತು. ತಿರುವನಂತಪುರದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆ ನಿರೋಧಕ ತಳಿಗಳನ್ನು ಹೊರತಂದಿದೆ. ಸೇಲಂ ಜಿಲ್ಲೆಯ ಏತ್ತಾಪುರದಲ್ಲೂ ಮರಗೆಣಸಿನ ಸಂಶೋಧನಾ ಕೇಂದ್ರವಿದೆ.

ಚೇತರಿಸಿಕೊಂಡ ಗಿಡದೊಳಗೆ ವೈರಸ್ಸು ಕಡಿಮೆಯಾಗಿರುತ್ತದೆಯೇ ಹೊರತು ಪೂರ್ತಿ ಹೋಗಿರುವುದಿಲ್ಲ. ಮರಗೆಣಸು ನೆಡುವುದು ಕಾಂಡದ ತುಂಡಿನಿಂದ. ರೋಗವೂ ಅದರ ಜೊತೆಗೇ ಹೊಸ ಹೊಲಕ್ಕೆ ಹೋಗುತ್ತದೆ. ಆದ್ದರಿಂದ ತಮಿಳುನಾಡು ಗಡಿಯ ಆಚೀಚೆಯ ನಮ್ಮ ರೈತರಲ್ಲಿ ಒಂದು ವಿನಂತಿ: ಬೇಸಗೆಯಲ್ಲಿ ಹಸಿರಾಗಿ ಕಂಡಿತೆಂದು ಗಿಡವನ್ನು ಬಿತ್ತನೆಗೆ ಆರಿಸಬೇಡಿ. ಮೊಳೆತ ದಿನದಿಂದ ಕೊಯ್ಲಿನವರೆಗೆ ಒಮ್ಮೆಯೂ ಮಚ್ಚೆ ತೋರದ ಗಿಡಗಳಿಗೆ ಮೊದಲೇ ಗುರುತು ಹಾಕಿ, ಅವುಗಳಿಂದ ಮಾತ್ರ ತುಂಡು ತೆಗೆಯಿರಿ.