ಜಗತಾಪ ಎಂಬ ಕತೆಗಾರ

1974ರಲ್ಲಿ ಮುಂಬಯಿಯ ಮರಾಠಿ ವಿಜ್ಞಾನ ಪರಿಷತ್ತಿನ ಕಥಾಸ್ಪರ್ಧೆಗೆ ನಾರಾಯಣ ವಿನಾಯಕ ಜಗತಾಪ ಎಂಬವರಿಂದ ಒಂದು ಕತೆ ಬಂತು. ಹೆಸರು ‘ಕೃಷ್ಣವಿವರ’. ಕನ್ನಡದ ಕಿವಿಗೆ ಅದು ಕೃಷ್ಣನ ವೃತ್ತಾಂತದ ಹಾಗೆ ಕೇಳಿಸುತ್ತದೆ. ಮರಾಠಿಯಲ್ಲಿ ವಿವರ ಎಂದರೆ ಬಿಲ, ಅಂದರೆ ಇದು ನಮ್ಮ ಕಪ್ಪುಕುಳಿ. ಕತೆಗೆ ಮೊದಲ ಬಹುಮಾನ ಬಂತು. ಆದರೆ ಜಗತಾಪ ಎಂಬ ಮನುಷ್ಯ ಮಾತ್ರ ಎಲ್ಲಿಯೂ ಇರಲಿಲ್ಲ. ಹೆಸರಿನ ಮೊದಲಕ್ಷರಗಳು ನಾ, ವಿ, ಜ. ತಿರುಗಿಸಿ ಓದಿದರೆ ಜ, ವಿ, ನಾ: ಜಯಂತ ವಿಷ್ಣು ನಾರಳೀಕರ್.

ಆ ಹೊತ್ತಿಗೆ ನಾರಳೀಕರ್ ಕೇಂಬ್ರಿಜ್ ಬಿಟ್ಟು ಬಂದು ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿ ಎರಡು ವರ್ಷವಾಗಿತ್ತು. ಅಹಮದಾಬಾದಿನ ಒಂದು ವಿಚಾರ ಸಂಕಿರಣದಲ್ಲಿ ಭಾಷಣ ನೀರಸವಾಗಿತ್ತೆಂದು, ಟಿಪ್ಪಣಿಗೆ ಕೊಟ್ಟ ಹಾಳೆಯ ಮೇಲೆ ಕತೆ ಶುರುಮಾಡಿದ್ದರು. ತಮ್ಮ ಅಕ್ಷರ ಯಾರಾದರೂ ಗುರುತಿಸಿಯಾರೆಂದು ಅದನ್ನು ಹೆಂಡತಿಯಿಂದ ನಕಲು ಮಾಡಿಸಿದರು. ಮಂಗಲಾ ನಾರಳೀಕರ್ ಸ್ವತಃ ಗಣಿತಜ್ಞೆ. ಒಬ್ಬರ ಕಲ್ಪನೆ, ಇನ್ನೊಬ್ಬರ ಕೈಬರಹ, ಇಲ್ಲದ ಮೂರನೆಯವನ ಹೆಸರು: ಸ್ಪರ್ಧೆಯ ತೀರ್ಪುಗಾರರ ಮುಂದೆ ಬಂದದ್ದು ಇಷ್ಟು.

ಇಷ್ಟೆಲ್ಲ ಮುಚ್ಚುಮರೆ ಯಾಕೆ? ಕತೆ ಕತೆಯಾಗಿಯೇ ತೂಗಬೇಕು, ಹೆಸರಿನ ತೂಕ ತಕ್ಕಡಿಗೆ ಬೀಳಬಾರದು ಎಂಬುದು ಉದ್ದೇಶ. ಅವರ ಹೆಸರಿಗೆ ನಿಜಕ್ಕೂ ತೂಕವಿತ್ತು. 1964ರಲ್ಲಿ ಗುರು ಫ್ರೆಡ್ ಹಾಯ್ಲ್ ಜೊತೆ ಗುರುತ್ವದ ಹೊಸ ಸಿದ್ಧಾಂತ ಮಂಡಿಸಿದಾಗ ಭಾರತದ ಪತ್ರಿಕೆಗಳು ಅವರನ್ನು ಹೊತ್ತು ಮೆರೆಸಿದ್ದವು. ಮರುವರ್ಷ, ಇಪ್ಪತ್ತಾರರ ವಯಸ್ಸಿನಲ್ಲಿ, ಪದ್ಮಭೂಷಣ ಬಂತು. ಇಂಥವರ ಕತೆಯನ್ನು ಯಾವ ತೀರ್ಪುಗಾರ ತಾನೇ ನಿರ್ದಾಕ್ಷಿಣ್ಯವಾಗಿ ಬದಿಗಿಟ್ಟಾನು?

ಹೆಸರು ಕತೆಯನ್ನು ಹೇಗೆ ಓದಿಸುತ್ತದೆ ಎಂಬುದಕ್ಕೆ ದೊಡ್ಡ ಉದಾಹರಣೆಯೊಂದು ಅವರ ಗುರುವಿನ ಮನೆಯಲ್ಲೇ ಇತ್ತು. ಹಾಯ್ಲ್ ಕತೆಗಾರರೂ ಹೌದು. ‘ದಿ ಬ್ಲ್ಯಾಕ್ ಕ್ಲೌಡ್’ 1957ರಲ್ಲೇ ಬಂದಿತ್ತು. 1961ರ ಅಕ್ಟೋಬರ್-ನವೆಂಬರಿನಲ್ಲಿ, ನಾರಳೀಕರ್ ಅವರ ಬಳಿ ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ, ಬಿಬಿಸಿ ‘ಎ ಫಾರ್ ಆಂಡ್ರೊಮಿಡಾ’ ಎಂಬ ಏಳು ಕಂತಿನ ಧಾರಾವಾಹಿ ಪ್ರಸಾರ ಮಾಡಿತು. ಕಥಾವಸ್ತು ಹಾಯ್ಲ್ ಅವರದು. ಅದನ್ನು ಸಂಭಾಷಣೆ, ದೃಶ್ಯಗಳಾಗಿ ಕಟ್ಟಿದವರು ಬಿಬಿಸಿಯ ಜಾನ್ ಎಲಿಯಟ್. ಮರುವರ್ಷ ಇಬ್ಬರ ಹೆಸರಿನಲ್ಲಿ ಅದೇ ಹೆಸರಿನ ಕಾದಂಬರಿ ಹೊರಬಂತು.

ಕತೆಯ ಬೀಜ ಇವತ್ತಿಗೂ ಗಟ್ಟಿ. ಆಂಡ್ರೊಮಿಡಾ ದಿಕ್ಕಿನಿಂದ ರೇಡಿಯೊ ಸಂಕೇತ ಬರುತ್ತದೆ. ಬಿಡಿಸಿ ನೋಡಿದರೆ ಅದು ಒಂದು ಕಂಪ್ಯೂಟರ್ ಕಟ್ಟುವ ಸೂಚನೆ. ಕಟ್ಟುತ್ತಾರೆ. ಆ ಯಂತ್ರ ತಾನೇ ಜೀವವನ್ನು ಸೃಷ್ಟಿಸಲು ಕಲಿಸುತ್ತದೆ, ಕೊನೆಗೆ ಒಂದು ಹೆಣ್ಣನ್ನು. ಆ ಪಾತ್ರ ಮಾಡಿದವರು ಆಗಿನ್ನೂ ಹೊಸಬರಾಗಿದ್ದ ಜೂಲಿ ಕ್ರಿಸ್ಟಿ. ಅನ್ಯಲೋಕದವರು ಹಡಗು ಹತ್ತಿ ಬರಬೇಕಿಲ್ಲ, ತಿಳಿವಳಿಕೆ ಕಳಿಸಿದರೆ ಸಾಕು, ಮಿಕ್ಕ ಅನಾಹುತವನ್ನು ನಾವೇ ಮಾಡಿಕೊಳ್ಳುತ್ತೇವೆ. ಅಮೆರಿಕದಲ್ಲಿ ಫ್ರ್ಯಾಂಕ್ ಡ್ರೇಕ್ ರೇಡಿಯೊ ದೂರದರ್ಶಕವನ್ನು ನಕ್ಷತ್ರಗಳತ್ತ ತಿರುಗಿಸಿ ಸಂಕೇತಕ್ಕೆ ಕಿವಿಗೊಟ್ಟದ್ದು 1960ರಲ್ಲಿ. ಅದರ ಮರುವರ್ಷದ ಕತೆ ಇದು ಎಂಬುದನ್ನು ನೆನಪಿಡಬೇಕು.

ಇಂಥ ಪುಸ್ತಕಗಳ ಓದುಗರ ತಗಾದೆ ಸಾಮಾನ್ಯವಾಗಿ ಒಂದೇ ಜಾಡಿನಲ್ಲಿ ಹರಿಯುತ್ತದೆ. ಟಿವಿಯ ಬಾಲ ಹಿಡಿದು ಬಂದ ಕಾದಂಬರಿ, ಅದೂ ಇಬ್ಬರು ಬರೆದದ್ದು. ಸಾಹಿತ್ಯದ ಪಂಕ್ತಿಯಲ್ಲಿ ಇದಕ್ಕೆ ಎಲೆ ಹಾಕುವುದು ಕೊನೆಯ ಸಾಲಿನಲ್ಲಿ. ಮೆಚ್ಚಿದವರು ಒಳ್ಳೆಯದನ್ನೆಲ್ಲ ಹಾಯ್ಲ್ ಲೆಕ್ಕಕ್ಕೆ ಬರೆಯುತ್ತಾರೆ, ಮೆಚ್ಚದವರು ತೆಳುವಾದದ್ದನ್ನೆಲ್ಲ ಎಲಿಯಟ್ ತಲೆಗೆ ಕಟ್ಟುತ್ತಾರೆ. ತೆಳುವು ಇರುವುದು ನಿಜ. ಪಾತ್ರಗಳು ಕ್ಯಾಮೆರಾಗೆ ನಿಂತ ಹಾಗೆ ನಿಲ್ಲುತ್ತವೆ, ಮಾತು ಮುಗಿದ ಕೂಡಲೇ ದೃಶ್ಯ ಕತ್ತರಿಸುತ್ತದೆ. ಆದರೆ ಹಾಯ್ಲ್ ಒಬ್ಬರೇ ಬರೆದ ‘ಬ್ಲ್ಯಾಕ್ ಕ್ಲೌಡ್’ನ ಮನುಷ್ಯರೇನು ಇದಕ್ಕಿಂತ ತುಂಬಿಕೊಂಡಿಲ್ಲ. ಆಂಡ್ರೊಮಿಡಾದ ಓಟ, ಭಯ, ಆ ಹುಡುಗಿಯ ಸಂಕಟ ಎಲಿಯಟ್ ಕೈಚಳಕವೇ ಇರಬೇಕೆಂದು ಸುಮ್ಮನೆ ಓದಿದರೂ ಅನ್ನಿಸುತ್ತದೆ. ಹಾಯ್ಲ್-ನಾರಳೀಕರ್ ಎಂದು ಒಂದು ಸಿದ್ಧಾಂತಕ್ಕೆ ಎರಡು ಹೆಸರಿದ್ದರೆ ವಿಜ್ಞಾನದಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಕಾದಂಬರಿಗೆ ಎರಡು ಹೆಸರು ಬಂದರೆ ಮಾತ್ರ ಯಾರದ್ದೆಷ್ಟು ಎಂಬ ಪಾಲುಪಟ್ಟಿ ಶುರು.

ಈ ತಾತ್ಸಾರಕ್ಕೆ ಕಾಲ ಒಂದು ವಿಚಿತ್ರ ಉತ್ತರ ಕೊಟ್ಟಿತು. ಬಿಬಿಸಿ ಆ ದಿನಗಳ ಎಷ್ಟೋ ಕಾರ್ಯಕ್ರಮಗಳನ್ನು ಉಳಿಸಿಕೊಳ್ಳಲಿಲ್ಲ. ಏಳು ಕಂತುಗಳಲ್ಲಿ ಪೂರ್ತಿಯಾಗಿ ಉಳಿದದ್ದು ಆರನೆಯದೊಂದೇ, ಮಿಕ್ಕವುಗಳಿಂದ ತುಣುಕುಗಳು. ಹೀಗಾಗಿ ಮೂಲವೆಂದು ಮೆರೆದದ್ದು ಅಳಿಸಿಹೋಗಿ, ಬಾಲವೆಂದು ಕರೆಸಿಕೊಂಡ ಪುಸ್ತಕ ಅಂಗಡಿಯಿಂದ ಅಂಗಡಿಗೆ, ಹಳೆಯ ಪುಸ್ತಕದ ರಾಶಿಯಿಂದ ರಾಶಿಗೆ ಸಾಗಿ ಕತೆಯನ್ನು ಕಾಪಾಡಿತು. 1972ರಲ್ಲಿ ಇಟಲಿಯ ದೂರದರ್ಶನವೂ 2006ರಲ್ಲಿ ಬಿಬಿಸಿಯೂ ಅದನ್ನು ಮತ್ತೆ ತೆರೆಗೆ ತಂದವು.

ನಾರಳೀಕರ್ ಇದನ್ನೆಲ್ಲ ಲೆಕ್ಕ ಹಾಕಿಯೇ ಜಗತಾಪನನ್ನು ಸೃಷ್ಟಿಸಿದರು ಎನ್ನುವುದು ಅತಿಯಾದೀತು. ಆದರೆ ಗುರುವಿನ ಪುಸ್ತಕಕ್ಕೆ ದಕ್ಕದ ಅವಕಾಶ ಶಿಷ್ಯನ ಮೊದಲ ಕತೆಗೆ ಮುಂಬಯಿಯಲ್ಲಿ ದಕ್ಕಿತು: ಯಾರದೆಂದು ತಿಳಿಯದೆ ಓದುವ ಓದುಗ. ಒಂದೇ ಸಲ, ಅಷ್ಟೆ. ಬಹುಮಾನದ ನಂತರ ಗುಟ್ಟು ರಟ್ಟಾಯಿತು. 1975ರಲ್ಲಿ ಕರಾಡದ ಮರಾಠಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷೆ ದುರ್ಗಾ ಭಾಗವತ್ ತಮ್ಮ ಭಾಷಣದಲ್ಲಿ ಈ ಹೊಸ ಬಗೆಯ ಬರವಣಿಗೆಯನ್ನು ಹೊಗಳಿದರು. ತುರ್ತುಪರಿಸ್ಥಿತಿಯ ವಿರುದ್ಧ ದನಿಯೆತ್ತಿದ್ದಕ್ಕಾಗಿ ಜನ ಆ ಸಮ್ಮೇಳನವನ್ನು ನೆನೆಯುತ್ತಾರೆ. ಮರಾಠಿ ವಿಜ್ಞಾನ ಕತೆಗೆ ಮುಖ್ಯ ಪಂಕ್ತಿಯಲ್ಲಿ ಎಲೆ ಬಿದ್ದದ್ದೂ ಅಲ್ಲೇ. ಅಲ್ಲಿಯತನಕ ಆ ಭಾಷೆಯಲ್ಲಿ ವಿಜ್ಞಾನ ಕತೆಯೆಂದರೆ ಬಹುಪಾಲು ಭಾ. ರಾ. ಭಾಗವತ್ ಮಕ್ಕಳಿಗಾಗಿ ತಂದ ವೆರ್ನ್, ವೆಲ್ಸ್.

ಅದೇ ನಗರದ ಬಾಂದ್ರಾದಲ್ಲಿ ಪಾಲಿಮರ್ ತಂತ್ರಜ್ಞರೊಬ್ಬರು ಆ ದಶಕದಲ್ಲಿ ಕನ್ನಡದಲ್ಲಿ ಕಾದಂಬರಿ ಬರೆಯುತ್ತಿದ್ದರು. ‘ಶಿಕಾರಿ’ಯ ರಾಸಾಯನಿಕ ಕಂಪನಿಯನ್ನು ಯಶವಂತ ಚಿತ್ತಾಲರು ಒಳಗಿನಿಂದ ಬಲ್ಲವರಾಗಿದ್ದರು. ಆದರೂ ವಿಜ್ಞಾನಿ ಬರೆದದ್ದು ಎಂದು ಅದನ್ನು ಯಾರೂ ಕೈಗೆತ್ತಿಕೊಳ್ಳಲಿಲ್ಲ. ಅವರ ಭಾಗ್ಯ.

ನಾರಳೀಕರ್‌ಗೆ ಆ ಭಾಗ್ಯ ಮತ್ತೆ ಬರಲಿಲ್ಲ. ಸಂಪಾದಕರು ಕತೆ ಕೇಳಿದರು, ಓದುಗರು ಕತೆಯೊಳಗೆ ಖಗೋಳಶಾಸ್ತ್ರಜ್ಞನನ್ನು ಹುಡುಕಿದರು. ಮುಂದೆ ಅವರು ‘ವಾಮನ ಪರತ್ ನ ಆಲಾ’ ಬರೆದರು. ಪ್ರಯೋಗಕ್ಕೆಂದು ನೆಲ ಅಗೆದಾಗ ಪ್ರಾಚೀನ ನಾಗರಿಕತೆಯೊಂದರ ಪೆಟ್ಟಿಗೆ ಸಿಗುತ್ತದೆ. ಅದರೊಳಗಿನ ಜ್ಞಾನವನ್ನು ಬಿಡಿಸಿದವರು ಒಂದು ಯಂತ್ರಮಾನವನನ್ನು ಕಟ್ಟುತ್ತಾರೆ, ಅದು ಕಟ್ಟಿದವರ ಕೈಮೀರಲು ಹವಣಿಸುತ್ತದೆ. ಸಂಕೇತ ಆಕಾಶದಿಂದ ಇಳಿಯುವ ಬದಲು ಭೂಮಿಯೊಳಗಿನಿಂದ ಮೇಲೆ ಬಂದಿದೆ. ಆಂಡ್ರೊಮಿಡಾ ಓದಿದವರಿಗೆ ನಂಟು ಗುರುತಿಸಲು ಕಷ್ಟವಾಗದು. ನಂಟಿರುವುದು ತಪ್ಪೂ ಅಲ್ಲ. ಬಲಿಯ ಕತೆಯ ಪುಟ್ಟ ವಟುವನ್ನು ಯಂತ್ರವಾಗಿಸಿ, ಮೂರನೆಯ ಹೆಜ್ಜೆ ಎಲ್ಲಿಗೆ ಎಂಬ ದಿಗಿಲನ್ನು ಶೀರ್ಷಿಕೆಯಲ್ಲೇ ಇಟ್ಟದ್ದು ಹಾಯ್ಲ್‌ಗೂ ಎಲಿಯಟ್‌ಗೂ ಹೊಳೆಯುವಂಥದ್ದಲ್ಲ. ಅದರ ಇಂಗ್ಲಿಷ್ ರೂಪ ‘ದಿ ರಿಟರ್ನ್ ಆಫ್ ವಾಮನ್’ 1989ರಲ್ಲಿ ಬಂತು. ಮರಾಠಿ ಶೀರ್ಷಿಕೆಯಲ್ಲಿ ವಾಮನ ಮರಳಿ ಬರಲಿಲ್ಲ, ಇಂಗ್ಲಿಷಿನಲ್ಲಿ ಬಂದಿದ್ದಾನೆ.