ಕೋಲ್ಟ್ ರಿವಾಲ್ವರಿನೊಳಗಿನ ಅರದ ಗುರುತು

ನಮ್ಮ ಮಲೆನಾಡಿನ ಹಿರಿಯರು 'ಕೇಪಿನ ಕೋವಿ' ಎನ್ನುತ್ತಿದ್ದ ಬಂದೂಕಿಗೂ ಅಮೆರಿಕದ ಸ್ಯಾಮುಯೆಲ್ ಕೋಲ್ಟನ ಹಳೆಯ ರಿವಾಲ್ವರುಗಳಿಗೂ ಒಂದು ಹೋಲಿಕೆಯಿದೆ. ಎರಡಕ್ಕೂ ಮದ್ದು, ಗುಂಡುಗಳನ್ನು ತುಂಬಿ ತಾಮ್ರದ ಪುಟ್ಟ ಕೇಪನ್ನು ಸಿಕ್ಕಿಸಬೇಕು. ಆದರೆ ಕೋಲ್ಟನ ಆಯುಧದಲ್ಲಿ ನಳಿಗೆಯ ಹಿಂದೆ ಐದಾರು ಕೋಣೆಗಳ ಉರುಳೆಯೊಂದಿದೆ. ಹೆಬ್ಬೆರಳಿನಿಂದ ಹ್ಯಾಮರನ್ನು ಹಿಂದಕ್ಕೆ ಎಳೆದಾಗಲೆಲ್ಲ ಅದು ಒಂದು ಕೋಣೆಯಷ್ಟು ತಿರುಗುತ್ತದೆ. 1830ರಲ್ಲಿ ಕಲ್ಕತ್ತಾಕ್ಕೆ ಹೊರಟ ಹಡಗಿನಲ್ಲಿ ಹದಿನಾರರ ಹುಡುಗನಾಗಿದ್ದ ಕೋಲ್ಟ್ ಇದರ ಮರದ ಮಾದರಿಯನ್ನು ಕೆತ್ತಿದನೆಂಬ ಕಥೆ ಪ್ರಸಿದ್ಧ. ಅಮೆರಿಕದ ಪೇಟೆಂಟ್ ಸಿಕ್ಕಿದ್ದು 1836ರಲ್ಲಿ.

ಕೋಲ್ಟನಿಗೆ ಇನ್ನೊಂದು ಕೀರ್ತಿಯೂ ಇದೆ. ಎಲ್ಲವನ್ನೂ ಯಂತ್ರದಿಂದಲೇ ಮಾಡಿಸಿದ, ಒಂದು ರಿವಾಲ್ವರಿನ ಬಿಡಿಭಾಗವನ್ನು ಇನ್ನೊಂದಕ್ಕೆ ಹಾಗೆಯೇ ಜೋಡಿಸಬಹುದಿತ್ತು ಎನ್ನುವ ಕೀರ್ತಿ. 1851ರ ಲಂಡನ್ ಮಹಾ ಪ್ರದರ್ಶನದ ಹೊತ್ತಿಗೆ ಯುರೋಪಿನವರು ಇದನ್ನು ಕೇಳಿ ಬೆರಗಾಗಿದ್ದರು. ಈ ಮಾತು ಎಷ್ಟು ನಿಜವೆಂದು ತಿಳಿಯಲು ಜಾಹೀರಾತು ಓದಿದರೆ ಸಾಲದು. ರಿವಾಲ್ವರನ್ನೇ ಬಿಚ್ಚಿ ನೋಡಬೇಕು.

1851ರ 'ನೇವಿ' ಮಾದರಿಯನ್ನೇ ತೆಗೆದುಕೊಳ್ಳೋಣ. ಒಳಗಿರುವ ಚಲಿಸುವ ಭಾಗಗಳನ್ನು ಬೆರಳಲ್ಲಿ ಎಣಿಸಬಹುದು. ಹ್ಯಾಮರಿಗೆ ಅಂಟಿಕೊಂಡು 'ಕೈ' ಎಂದು ಕರೆಯುವ ಸಣ್ಣ ಪಟ್ಟಿಯಿದೆ. ಅದು ಉರುಳೆಯ ಹಿಂಬದಿಯ ಹಲ್ಲುಗಳನ್ನು ಮೇಲಕ್ಕೆ ತಳ್ಳಿ ಉರುಳೆಯನ್ನು ತಿರುಗಿಸುತ್ತದೆ. ಕೆಳಗಡೆ ಒಂದು ಅಗುಳಿ. ಉರುಳೆಯ ಹೊರಮೈಯ ಕಚ್ಚಿಗೆ ಬಿದ್ದು ಅದನ್ನು ಹಿಡಿದು ನಿಲ್ಲಿಸುವುದು ಇದರ ಕೆಲಸ. ಹ್ಯಾಮರ್ ಹಿಂದಕ್ಕೆ ಸರಿಯತೊಡಗಿದೊಡನೆ ಅಗುಳಿ ಕೆಳಗಿಳಿಯಬೇಕು, ಉರುಳೆ ತಿರುಗಬೇಕು, ಮುಂದಿನ ಕಚ್ಚು ಇನ್ನೇನು ಬಂತು ಎನ್ನುವಾಗ ಅಗುಳಿ ಮತ್ತೆ ಮೇಲೆದ್ದು ಉರುಳೆಯನ್ನು ಮುಟ್ಟಬೇಕು. ಹ್ಯಾಮರ್ ಪೂರ್ತಿ ಹಿಂದೆ ಬಂದು ನಿಲ್ಲುವುದೂ ಅಗುಳಿ ಕಚ್ಚಿನಲ್ಲಿ ಕೂರುವುದೂ ಹೆಚ್ಚುಕಡಿಮೆ ಒಟ್ಟಿಗೇ ಆಗಬೇಕು.

ಇಲ್ಲಿ ಕೂದಲೆಳೆಯ ವ್ಯತ್ಯಾಸವೂ ದೊಡ್ಡದೇ. ಅಗುಳಿ ಅವಸರಪಟ್ಟು ಮೇಲೆದ್ದರೆ ಉರುಳೆಯ ಸುತ್ತ ಗೀರು ಬೀಳುತ್ತದೆ. ಹಳೆಯ ರಿವಾಲ್ವರ್ ಪರೀಕ್ಷಿಸುವವರು ಮೊದಲು ಹುಡುಕುವುದು ಆ ಗೀರನ್ನೇ. 'ಕೈ' ಗಿಡ್ಡವಾದರೆ ಕೋಣೆ ನಳಿಗೆಯ ನೇರಕ್ಕೆ ಬರುವುದಿಲ್ಲ, ಗುಂಡಿನ ಸೀಸ ಅಂಚಿಗೆ ತಾಗಿ ಸವೆಯುತ್ತದೆ. ಉದ್ದವಾದರೆ ಉರುಳೆ ಮೊದಲೇ ಬಿಗಿದು, ಹ್ಯಾಮರ್ ಪೂರ್ತಿ ಹಿಂದೆ ಬರುವುದೇ ಇಲ್ಲ. ನಳಿಗೆಯನ್ನು ಹಿಡಿದಿಡುವ ಬೆಣೆಯನ್ನು ಅತಿಯಾಗಿ ಬಡಿದರೂ ಉರುಳೆ ಬಿಗಿಯುವುದುಂಟು. ಬಲ್ಲ ಕೆಲಸಗಾರ ಚೌಕಟ್ಟಿನ ತಂಟೆಗೆ ಹೋಗುವುದಿಲ್ಲ. ಬದಲಿಸಬಹುದಾದ 'ಕೈ'ಯನ್ನೋ ಅಗುಳಿಯನ್ನೋ ಅರದಿಂದ ಒಂದೆರಡು ಸಲ ಉಜ್ಜಿ, ಮತ್ತೆ ಜೋಡಿಸಿ, ಮತ್ತೆ ನೋಡುತ್ತಾನೆ. ಉಜ್ಜಿ ತೆಗೆದ ಲೋಹವನ್ನು ಮರಳಿ ಅಂಟಿಸಲಾಗದಲ್ಲ!

ಕೋಲ್ಟನ ಕಾರ್ಖಾನೆಯಲ್ಲಿ ನಡೆಯುತ್ತಿದ್ದುದೂ ಇದೇ. ಯಂತ್ರಗಳು ಕಬ್ಬಿಣವನ್ನು ಕೊರೆದು ಆಕಾರಕ್ಕೆ ತರುತ್ತಿದ್ದವು, ಕೊನೆಯ ಹೊಂದಿಕೆ ಮಾತ್ರ ಕೈಯಲ್ಲಿದ್ದ ಅರದ್ದು. ಕಬ್ಬಿಣ ಮೆದುವಾಗಿರುವಾಗಲೇ ಭಾಗಗಳನ್ನು ಉಜ್ಜಿ ಹೊಂದಿಸಿ, ಬಿಚ್ಚಿ, ಕಾಯಿಸಿ ಗಟ್ಟಿಗೊಳಿಸುತ್ತಿದ್ದರು. ಆ ಕಾವಿನಲ್ಲಿ ಲೋಹ ಚೂರು ಸೊಟ್ಟಗಾಗುವುದು ಸಹಜ. ಹೀಗಾಗಿ ಯಾವ ಭಾಗ ಯಾವ ರಿವಾಲ್ವರಿನದು ಎಂದು ಮರೆಯುವಂತಿರಲಿಲ್ಲ. ಚೌಕಟ್ಟು, ನಳಿಗೆ, ಉರುಳೆ, ಕೊನೆಗೆ ಆ ಪುಟ್ಟ ಬೆಣೆಯ ಮೇಲೂ ಒಂದೇ ನಂಬರು ಒತ್ತಿರುವುದು ಅದಕ್ಕಾಗಿಯೇ. ಯಾವುದಕ್ಕೆ ಯಾವುದಾದರೂ ಹೊಂದುತ್ತಿದ್ದರೆ ಬೆಣೆಗೆ ನಂಬರು ಏಕೆ ಬೇಕಿತ್ತು?

ಇದು ಆಗಲೇ ಬಯಲಾದ ಸಂಗತಿ. 1854ರಲ್ಲಿ ಬ್ರಿಟಿಷ್ ಸಂಸತ್ತಿನ ಸಮಿತಿ ಬಂದೂಕು ತಯಾರಿಕೆಯ ವಿಚಾರಣೆ ನಡೆಸಿದಾಗ, ಕೋಲ್ಟನ ಲಂಡನ್ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದ ಗೇಜ್ ಸ್ಟಿಕ್ನಿ, ಅಲ್ಲಿನ ಭಾಗಗಳು ಅದಲುಬದಲಾಗುವುದಿಲ್ಲ, ಅರದ ಕೆಲಸ ಬೇಕೇ ಬೇಕು ಎಂದು ಸಾಕ್ಷ್ಯ ನುಡಿದ. ಆದರೂ ಕೋಲ್ಟನ ಕೀರ್ತಿ ಕುಂದಲಿಲ್ಲ. ಲಂಡನ್ ಕಾರ್ಖಾನೆ 1856ರಲ್ಲಿ ಮುಚ್ಚಿತು, ಅವನು ಸತ್ತಿದ್ದು 1862ರಲ್ಲಿ. ಅಮೆರಿಕದಲ್ಲಿಯೇ ಎರಡು ಲಕ್ಷಕ್ಕೂ ಹೆಚ್ಚು 'ನೇವಿ' ರಿವಾಲ್ವರುಗಳು ತಯಾರಾದವು.

ಆ ರಿವಾಲ್ವರಿನ ನಳಿಗೆಯ ಮೇಲೆ ಕೋಲ್ಟನ ಹೆಸರಿದೆ. ಉರುಳೆಯ ಮೇಲೆ 1843ರ ನೌಕಾ ಕಾಳಗದ ಚಿತ್ರವಿದ್ದು, ಅದನ್ನು ಕೆತ್ತಿದ ಆರ್ಮ್ಸ್‌ಬಿಯ ಹೆಸರೂ ಅಲ್ಲೇ ಇದೆ. ಅಗುಳಿಯನ್ನು ಉಜ್ಜಿ ಕಚ್ಚಿಗೆ ಕೂರಿಸಿದವನದ್ದೆಂದು ಉಳಿದಿರುವುದು, ಒಳಗಡೆ ಬೆಳಕು ಹಿಡಿದರೆ ಕಾಣುವ ಅರದ ಗೆರೆಗಳು ಮಾತ್ರ.